ಹೊಡೀಲಾ, ನಿಂತ್ಕೊಳ್ಲಾ?

ಬಕೆಟ್ಟನ್ನು ಎಲ್ಲಿಡಬೇಕೆಂದು ಮೂರ್ತಿಗೆ ಯಾರೂ ಹೇಳಿರಲಿಲ್ಲ. ರಿಂಗಿನ ನೀಲಿ ಮೂಲೆಯ ಮೆಟ್ಟಿಲ ಬಳಿ ಇಟ್ಟರೆ ಬಿಳಿ ಅಂಗಿಯ ಅಧಿಕಾರಿಯೊಬ್ಬ ಅದನ್ನು ಕಾಲಿನಿಂದ ಅತ್ತ ಸರಿಸಿದ. ಅತ್ತ ಇಟ್ಟರೆ ಮೈಕಿನ ವೈರು ಎಳೆಯುತ್ತಿದ್ದವನು “ಸ್ವಲ್ಪ ಈಚೆ ಗುರು” ಅಂದ. ಕೊನೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ದೊಡ್ಡಬಳ್ಳಾಪುರದ ಈ ಕಲ್ಯಾಣ ಮಂಟಪಕ್ಕೆ ಅವನು ಎಷ್ಟೋ ಮದುವೆಗಳಿಗೆ ಬಂದು ಉಂಡು ಹೋಗಿದ್ದಾನೆ. ಆಗೆಲ್ಲ ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಯಾರಿಗೆ ಕೈ ಮುಗಿಯಬೇಕು ಎಂಬುದು ತಾನಾಗಿ ಗೊತ್ತಾಗುತ್ತಿತ್ತು. ಈಗ ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ ನಡುವೆ ರಿಂಗು ನಿಲ್ಲಿಸಿದ್ದರು. ಹಿಂದಿನ ಮದುವೆಯ ಥರ್ಮಾಕೋಲ್ ಅಕ್ಷರಗಳಲ್ಲಿ ಗಂಡಿನ ಹೆಸರು ಯಾವಾಗಲೋ ಕಿತ್ತುಹೋಗಿ, ವೇದಿಕೆಯ ಹಿಂದೆ ‘ಪ್ರಿಯಾಂಕ’ ಎಂಬುದೊಂದೇ ಉಳಿದಿತ್ತು. ರಾಜ್ಯ ಮಟ್ಟದ ಹೆಣ್ಣುಮಕ್ಕಳ ಬಾಕ್ಸಿಂಗ್ ಎಂದು ಬ್ಯಾನರ್ ಕಟ್ಟಿದ್ದರು. ಅವನ ಮಗಳು ಅಕ್ಷತ ಇನ್ನು ಸ್ವಲ್ಪ ಹೊತ್ತಿಗೆ ಈ ಹಗ್ಗಗಳ ಒಳಗೆ ಹೋಗಿ, ತನಗಿಂತ ಎಲ್ಲದರಲ್ಲೂ ಮೇಲಾದವಳೊಬ್ಬಳ ಎದುರು ನಿಲ್ಲಬೇಕಿತ್ತು. ಗೆಲ್ಲುವುದಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹೇಗೆ ಸೋಲಬೇಕು ಎಂಬುದಷ್ಟೇ ತೀರ್ಮಾನವಾಗಬೇಕಿತ್ತು, ಮತ್ತು ಅದು ತನ್ನ ಕೈಯಲ್ಲಿ ತೀರ್ಮಾನವಾಗದೆ ಉಳಿದಿದೆ ಎಂದು ಮೂರ್ತಿಗೆ ಬೆಳಗ್ಗಿನಿಂದ ಅನ್ನಿಸುತ್ತಿತ್ತು.

ಬೆಳಗ್ಗೆ ಹತ್ತಿರದ ತಮ್ಮೂರು ಮಧುರೆಯಿಂದ ಬೈಕಿನಲ್ಲಿ ಬರುವಾಗ ಹಿಂದೆ ಕೂತಿದ್ದ ಅವಳು ಇದ್ದಕ್ಕಿದ್ದಂತೆ ಕೇಳಿದ್ದಳು: “ಅಪ್ಪ, ಹೊಡೀಲಾ, ಸುಮ್ನೆ ನಿಂತ್ಕೊಳ್ಲಾ?” ಅವನು ಗಾಳಿಗೆ ಕೇಳಿಸಲಿಲ್ಲವೆಂಬಂತೆ ತಲೆಯನ್ನು ಸ್ವಲ್ಪ ಓರೆ ಮಾಡಿದ. ಅವಳು ಮತ್ತೆ ಕೇಳಿದಳು. ಎದುರಿಗೊಂದು ಹಾಲಿನ ವ್ಯಾನು ಬರುತ್ತಿತ್ತು. ಅದು ದಾಟುವವರೆಗೆ ಸುಮ್ಮನಿದ್ದು, “ಸಾರ್ ಹೇಳ್ದಂಗೆ ಮಾಡವ್ವ” ಅಂದ. ವ್ಯಾನು ಇಲ್ಲದಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆನೇ ಎಂದು ಈಗ ಬಕೆಟ್ಟು ಹಿಡಿದು ನಿಂತವನಿಗೆ ಯೋಚನೆ. ಮೂರ್ತಿಯ ಕಷ್ಟವೇನೆಂದರೆ, ಇಬ್ಬರು ಜಗಳವಾಡಿದರೆ ಅವನಿಗೆ ಇಬ್ಬರು ಹೇಳಿದ್ದೂ ಸರಿಯೆನ್ನಿಸುತ್ತದೆ. ಕೋಚ್ ಅನಿಲ್‌ಕುಮಾರ್ ಮೊನ್ನೆ ಮನೆಗೇ ಬಂದು ಕಾಫಿ ಕುಡಿಯುತ್ತ ಬಿಡಿಸಿ ಹೇಳಿದ್ದ: “ಆ ಕೀರ್ತನ ನ್ಯಾಷನಲ್ ಮೆಡಲ್ ತಗಂಡಿರೋ ಹುಡುಗಿ ಮೂರ್ತಣ್ಣ. ನಮ್ಮೋಳು ಗೆಲ್ಲಲ್ಲ. ಆದ್ರೆ ಮೂರು ರೌಂಡ್ ನಿಂತ್ಬಿಟ್ರೆ, ಅವ್ಳ ಮುಂದೆ ನಿಂತೋಳು ಅಂತ ಸೆಲೆಕ್ಟರ್ಸ್ ಕಣ್ಣಿಗೆ ಬೀಳ್ತಾಳೆ, ಟ್ರೈನಿಂಗ್ ಕ್ಯಾಂಪಿಗೆ ಕರೀತಾರೆ. ನುಗ್ಗಕ್ಕೋಗಿ ಏಟು ತಿಂದು ಬಿದ್ಲು ಅನ್ನಿ, ಡಾಕ್ಟ್ರು ರೆಸ್ಟ್ ಬರೀತಾರೆ, ಈ ವರ್ಷದ ಕ್ಯಾಂಪ್ ಮರ್ತುಬಿಡಿ.” ಸರಿಯಾಗಿಯೇ ಇತ್ತು. ಅವನು ಅತ್ತ ಹೋದ ಮೇಲೆ ಅಕ್ಷತ, “ಓಡಾಡ್ಕಂಡು ತಪ್ಪಿಸ್ಕೊಳ್ಳೋರ್ನ ಯಾವ ಬಾಕ್ಸಿಂಗ್ ಕ್ಯಾಂಪಿಗಪ್ಪ ಕರೀತಾರೆ? ಓಟದ ಕ್ಯಾಂಪಿಗೆ ಕರೀತಾರೆ” ಎಂದು ಲೋಟ ತೊಳೆಯುತ್ತ ಹೇಳಿದಳು. ಅದೂ ಸರಿಯಾಗಿಯೇ ಇತ್ತು. ಹೆಂಡತಿ ಶಶಿರೇಖಾಳನ್ನು ಕೇಳಿದರೆ ಅವಳು, “ನನ್ನೇನ್ ಕೇಳ್ತೀರಿ? ಮೂತಿ ನೆಟ್ಟಗಿಟ್ಕೊಂಡು ಮನೆಗೆ ಬರ್ಲಿ, ಅಷ್ಟೇ” ಅಂದಳು. ಅದಂತೂ ಎಲ್ಲಕ್ಕಿಂತ ಸರಿ.

ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂದು ಅವನ ಅಪ್ಪ ಹನುಮಂತರಾಯಪ್ಪ ಮಾತಿಗೊಮ್ಮೆ ಹೇಳುತ್ತಿದ್ದರು. ಗರಡಿಯಲ್ಲಿ ಮೈ ಬೆಳೆಸಿದ ಮನುಷ್ಯ. ಮೈಸೂರು ಕಡೆಯಿಂದ ಬಂದ ಹೆಸರಾಂತ ಪೈಲ್ವಾನನೊಬ್ಬನ ಜೊತೆ ಒಮ್ಮೆ ಕುಸ್ತಿಗೆ ಬಿದ್ದು, ಒಂದು ಪಟ್ಟನ್ನೂ ಹಾಕದೆ, ಅಖಾಡದ ಮಣ್ಣಿಗೆ ಹೊಟ್ಟೆ ಕಚ್ಚಿಕೊಂಡು ಮಲಗಿಬಿಟ್ಟಿದ್ದರಂತೆ. ಅವನು ಏನೆಲ್ಲ ತಿರುಚಿದರೂ ಅಪ್ಪನ ಬೆನ್ನು ಮಣ್ಣಿಗೆ ತಾಗಲಿಲ್ಲ. ಹೊತ್ತು ಮೀರಿ, ಹಿರಿಯರು ಇಬ್ಬರನ್ನೂ ಬಿಡಿಸಿ ಸಮಬಲ ಅಂದರು. ಊರಿನವರು ಅಪ್ಪನನ್ನು ಹೆಗಲ ಮೇಲೆ ಹೊತ್ತು ತಂದರು. ಮೂರ್ತಿ ಬೆಳೆದದ್ದೇ ಆ ಸಮಬಲದ ಕಥೆ ಕೇಳಿಕೊಂಡು. ಅದಕ್ಕೇ ಅವನು ಅನಿಲ್‌ಕುಮಾರನನ್ನು ಆಸೆಯಿಂದ ಕೇಳಿದ್ದ, ಮೂರು ರೌಂಡೂ ನಿಂತರೆ ಸಮ ಅಂತಾರಾ ಸಾರ್ ಎಂದು. ಕೋಚ್ ನಕ್ಕಿದ್ದ. “ಇದ್ರಲ್ಲಿ ಸಮ ಅನ್ನೋದೇ ಇಲ್ಲ ಮೂರ್ತಣ್ಣ. ಸುತ್ತಾ ಕೂತಿರೋ ಜಡ್ಜುಗಳು ಯಾರು ಹೊಡುದ್ರು ಅಂತ ನೋಡಿ ಪಾಯಿಂಟ್ ಕೊಡ್ತಾರೆ. ಎಲ್ಲಾ ಅವ್ಳಿಗೇ ಕೊಡ್ತಾರೆ.” ಹಾಗಾದರೆ ನಿಂತು ಏನು ಬಂತು ಎಂದು ಮೂರ್ತಿ ಕೇಳಲಿಲ್ಲ. ಸಮವಿಲ್ಲದ ಆಟದಲ್ಲಿ ನಿಲ್ಲುವುದಕ್ಕೆ ಏನು ಅರ್ಥ, ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು, ಅಪ್ಪ ಆವತ್ತು ಮಣ್ಣು ಕಚ್ಚಿ ಮಲಗಿದ್ದು ಧೈರ್ಯಕ್ಕೋ ಅಥವಾ ಏಳಲಾರದೆಯೋ, ಇದೆಲ್ಲ ತಲೆಯಲ್ಲಿ ಒಂದರ ಮೇಲೊಂದು ಹತ್ತಿ ಕೂತಿತು.

“ಅಂಕಲ್, ಕುಡಿಯೋ ನೀರು ಎಲ್ಲಿ ಸಿಗುತ್ತೆ?” ಎಂದು ಯಾರೋ ಕೇಳಿದರು. ತಿರುಗಿದರೆ ಕೆಂಪು ಬನಿಯನ್ನಿನ, ಎತ್ತರದ, ನಗುಮುಖದ ಹುಡುಗಿ. ಬಕೆಟ್ಟು ಹಿಡಿದವನನ್ನು ಮಂಟಪದ ಕೆಲಸದವನೆಂದು ತಿಳಿದಿದ್ದಳು. ಅಲ್ಲ, ನಾನು ಅಕ್ಷತಳ ಅಪ್ಪ ಎನ್ನುವ ಬದಲು ಅವನು, “ಇರವ್ವ, ತರ್ತೀನಿ” ಎಂದು ಊಟದ ಹಾಲಿಗೆ ಹೋಗಿ, ಅಡಿಗೆಯವರನ್ನು ಕಾಡಿಸಿ ಒಂದು ಚೊಂಬು ನೀರು ತಂದುಕೊಟ್ಟ. ಅವಳು ನಿಂತಲ್ಲೇ ಗಟಗಟ ಕುಡಿದು, “ಥ್ಯಾಂಕ್ಸ್ ಅಂಕಲ್, ಬೆಳಗ್ಗಿಂದ ಯಾರೂ ಕೊಟ್ಟಿರ್ಲಿಲ್ಲ” ಎಂದು ಚೊಂಬನ್ನು ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟಳು. ತಿರುಗಿ ಹೊರಟವಳ ಬೆನ್ನಿನ ಮೇಲೆ ಕೀರ್ತನ ಎಂಬ ಹೆಸರನ್ನು ಓದಿದಾಗ ಮೂರ್ತಿಗೆ ಚೊಂಬು ಎಲ್ಲಿಡಬೇಕೆಂದೂ ಗೊತ್ತಾಗಲಿಲ್ಲ. ಮಗಳನ್ನು ಹೊಡೆಯಬೇಕಾದವಳಿಗೆ ತಾನೇ ನೀರು ಕುಡಿಸಿದಂತಾಯಿತು. ಅದಕ್ಕಿಂತ ಕೆಟ್ಟದ್ದು, ಆ ಹುಡುಗಿ ಅವನಿಗೆ ಇಷ್ಟವಾಗಿಬಿಟ್ಟಳು. ಕೆಟ್ಟವಳಾಗಿದ್ದರೆ ‘ಹೊಡಿ’ ಅನ್ನುವುದು ಎಷ್ಟೋ ಸಲೀಸಾಗುತ್ತಿತ್ತು.

ಅನಿಲ್‌ಕುಮಾರ್ ಓಡಿ ಬಂದು ಅವನ ಹೆಗಲಿಗೊಂದು ಬಿಳಿ ಟವೆಲ್ ಹಾಕಿದ. ಕಾರ್ನರಿನಲ್ಲಿ ಕೋಚಿನ ಜೊತೆ ಇನ್ನೊಬ್ಬರು ಇರಬೇಕಂತೆ. ಬರಬೇಕಿದ್ದವನು ಬಂದಿಲ್ಲ, ಅಪ್ಪನೇ ಆಗಲಿ ಎಂದು ಹೇಗೋ ಒಪ್ಪಿಸಿದ್ದ. “ಸ್ಟೂಲ್ ಹಾಕ್ಬೇಕು, ನೀರ್ ಕೊಡ್ಬೇಕು, ಮುಖ ಒರೆಸ್ಬೇಕು, ಅಷ್ಟೇ. ಟವೆಲ್ ಹುಷಾರು ಮೂರ್ತಣ್ಣ. ಟವೆಲ್ ಒಳಗೆ ಬಿತ್ತು ಅಂದ್ರೆ ನಾವು ಸೋಲೊಪ್ಕೊಂಡಂಗೆ, ಆಟ ಅಲ್ಲಿಗೇ ನಿಲ್ಲಿಸ್ತಾರೆ. ಆಟ ನಡೀವಾಗ ನಾನ್ ಹೇಳೋಗಂಟ ಹೆಗಲಿಂದ ತೆಗೀಬೇಡಿ.” ಮೂರ್ತಿ ತಲೆಯಾಡಿಸಿದ. ಗೊತ್ತಾಯಿತಾ ಎಂದು ಕೋಚ್ ಕೇಳಿದ. ಗೊತ್ತಾಯಿತು ಎಂದ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ನು ಬಂದಾಗಲೂ ಹೀಗೆಯೇ ತಲೆಯಾಡಿಸಿ, ಗೊತ್ತಾಯಿತು ಎಂದು ಹೇಳಿ, ಆಮೇಲೆ ಪಕ್ಕದವನನ್ನು ನೋಡಿ ಕಲಿಯುತ್ತಿದ್ದ. ಇಲ್ಲಿ ಪಕ್ಕದವನೂ ಇರಲಿಲ್ಲ.

ಮೊದಲ ರೌಂಡಿನಲ್ಲಿ ಅಕ್ಷತ ಹೇಳಿದ್ದನ್ನು ಹೇಳಿದಂತೆಯೇ ಮಾಡಿದಳು. ಕೈಗಳನ್ನು ಮುಖದ ಮುಂದೆ ಏರಿಸಿಕೊಂಡು ಹಿಂದೆ ಸರಿದಳು, ಪಕ್ಕಕ್ಕೆ ಸರಿದಳು, ಹಗ್ಗಕ್ಕೆ ಬಂದಾಗ ಆ ಹುಡುಗಿಯನ್ನು ತಬ್ಬಿಕೊಂಡಳು. ಏಟುಗಳು ಬೀಳುತ್ತಿದ್ದವು, ಬಹಳಷ್ಟು ತೋಳಿನ ಮೇಲೆ. ಒಂದೊಂದು ಬಿದ್ದಾಗಲೂ ಮೂರ್ತಿಯ ಕೈ ಟವೆಲ್ಲಿನ ತುದಿಯನ್ನು ಹಿಂಡುತ್ತಿತ್ತು. ಹಿಂದಿನಿಂದ ಯಾರೋ, “ಲೇ, ಕುಂಟೆಬಿಲ್ಲೆ ಆಡ್ತವ್ಳೆ ಕಣೋ” ಅಂದರು. ಒಂದಷ್ಟು ಜನ ನಕ್ಕರು. ಆ ನಗು ಅವನಿಗೆ ಗುರುತಿತ್ತು. ನಿನ್ನೆ ರಜೆ ಕೇಳಲು ಹೋದಾಗ ಸೂಪರ್‌ವೈಸರ್ ಉಮಾಶಂಕರ್, ಅವನ ಅರ್ಧ ವಯಸ್ಸಿನವನು, ಕುರ್ಚಿಯಲ್ಲಿ ತಿರುಗುತ್ತ, “ಏನ್ ಮೂರ್ತಣ್ಣ, ಮಗಳನ್ನ ಬಾಕ್ಸಿಂಗಿಗೆ ಬಿಟ್ಟಿದೀಯಾ? ಹಂಗಾರೆ ನಿನ್ ಅಳಿಯನ ಕಥೆ ಮುಗೀತು ಬಿಡು” ಎಂದಿದ್ದ. ಅಲ್ಲಿದ್ದವರೆಲ್ಲ ನಕ್ಕಿದ್ದರು. ಅವರೆಲ್ಲರಿಗಿಂತ ಜೋರಾಗಿ ನಕ್ಕವನು ಮೂರ್ತಿ. ರಜೆ ಸಿಕ್ಕಿತು. ಸಹಿ ಹಾಕಿ ಹೊರಬಂದ ಮೇಲೂ ಮುಖದ ಮೇಲಿನ ನಗು ಇಳಿಯಲಿಲ್ಲ. ಬೈಕಿನ ಕನ್ನಡಿಯಲ್ಲಿ ಅದನ್ನು ನೋಡಿ ತನಗೇ ಹೇಸಿಗೆಯಾಯಿತು. ನಗದೆ ಇದ್ದಿದ್ದರೆ ರಜೆ ಸಿಗುತ್ತಿರಲಿಲ್ಲ, ನಕ್ಕಿದ್ದರಿಂದ ಇವತ್ತು ಅವಳ ಮೂಲೆಯಲ್ಲಿ ನಿಲ್ಲಲು ಸಿಕ್ಕಿತು ಎಂದು ಅವನು ಈಗ ಲೆಕ್ಕ ಹಾಕಿಕೊಂಡ. ಲೆಕ್ಕ ಸರಿಯಿತ್ತು, ಮನಸ್ಸು ಮಾತ್ರ ಒಪ್ಪಲಿಲ್ಲ.

ಗಂಟೆಯಾಯಿತು. ಸ್ಟೂಲು ಹಾಕಿದ. ಅಕ್ಷತ ಕೂತು, ಬಾಯಲ್ಲಿದ್ದ ಹಲ್ಲಿನ ಗಾರ್ಡನ್ನು ಅವನ ಅಂಗೈಗೆ ಉಗುಳಿದಳು. ಅದು ಬೆಚ್ಚಗಿತ್ತು. “ಸೂಪರ್ ಕಣಮ್ಮ, ಹಿಂಗೇ ಇರು, ದೂರ ಇರು” ಎಂದು ಕೋಚ್ ಕಿವಿಯಲ್ಲಿ ಹೇಳುತ್ತಿದ್ದ. “ಸಾರ್, ಅವ್ಳು ಎಡಗೈ ಇಳಿಸ್ತಾಳೆ ಸಾರ್. ಬಲಗೈ ಸಿಗ್ತದೆ” ಎಂದು ಅಕ್ಷತ ಏದುಸಿರಿನಲ್ಲಿ ಹೇಳಿದಳು. “ಬೇಡ. ಅದು ಬೇಕಂತ್ಲೇ ಇಳಿಸ್ತಿರೋದು. ಒಳಗೆ ಕರ್ಕಂಡು ಹೊಡೀತಾಳೆ.” ಅಕ್ಷತ ಮೂರ್ತಿಯ ಕಡೆ ನೋಡಿದಳು. ಅವನು ಮುಖ ಒರೆಸಿದ. ಒರೆಸುವಾಗ ಮುಖ ಟವೆಲ್ಲಿನ ಹಿಂದೆ ಹೋಗುತ್ತದೆ, ಉತ್ತರ ಕೊಡಬೇಕಾಗಿಲ್ಲ. ಸ್ವಲ್ಪ ಹೆಚ್ಚು ಹೊತ್ತೇ ಒರೆಸಿದ.

ಎರಡನೆಯ ರೌಂಡು ಮೊದಲಿನದಕ್ಕಿಂತ ಹಿಂಸೆಯಾಗಿತ್ತು, ಯಾಕೆಂದರೆ ಅದರಲ್ಲಿ ಏಟೇ ಇರಲಿಲ್ಲ. ಕೀರ್ತನಳಿಗೆ ಎದುರಿನವಳು ಹೊಡೆಯುವುದಿಲ್ಲವೆಂದು ಗೊತ್ತಾಗಿತ್ತು. ನಾಳೆಯ ಫೈನಲ್ಲಿಗೆ ಮೈ ಉಳಿಸಿಕೊಳ್ಳುತ್ತಿದ್ದಳೋ, ಕನಿಕರವೋ, ಅಂತೂ ಕೈ ಇಳಿಬಿಟ್ಟುಕೊಂಡು, ಮಗುವನ್ನು ಆಡಿಸಿದಂತೆ ಮೆಲ್ಲಗೆ ಅಕ್ಷತಳ ಹಣೆಗೆ ತಾಗಿಸಿ ತಾಗಿಸಿ ಪಾಯಿಂಟು ತೆಗೆದುಕೊಳ್ಳುತ್ತಿದ್ದಳು. ಒಳ್ಳೆಯ ಹುಡುಗಿ, ನೋಯಿಸುತ್ತಿಲ್ಲ ಎಂದು ಮೂರ್ತಿಗೆ ಒಂದು ಗಳಿಗೆ ಕಣ್ಣು ತುಂಬಿ ಬಂತು. ಮರುಗಳಿಗೆಯೇ, ಇದೇನು ಇವಳು ನನ್ನ ಮಗಳನ್ನು ಹೀಗೆ ತಟ್ಟುತ್ತಿದ್ದಾಳೆ ಎಂದು ಮೈ ಉರಿಯಿತು. ಹೊಡೆದರೆ ಹೊಡೆಯಬಾರದೇ? ಉಮಾಶಂಕರನೂ ಹೊಡೆಯುವುದಿಲ್ಲ. ಭುಜ ತಟ್ಟುತ್ತಾನೆ, ಮೂರ್ತಣ್ಣ ಬಂಗಾರದಂಥ ಮನುಷ್ಯ ಅನ್ನುತ್ತಾನೆ. ಇಷ್ಟು ವರ್ಷ ಆ ಫ್ಯಾಕ್ಟರಿಯಲ್ಲಿ ಒಂದು ದಿನವೂ ಬೀಳದೆ ನಿಂತ ಮನುಷ್ಯ ತಾನು. ಜೊತೆಗೆ ಸೇರಿದವರಲ್ಲಿ ಎದುರು ಮಾತಾಡಿದವರೆಲ್ಲ ಹೊರಗೆ ಹೋಗಿದ್ದಾರೆ. ಹೋದವರು ದಾರಿಯಲ್ಲಿ ಸಿಕ್ಕಾಗ ಅವರ ಕಣ್ಣು ತಪ್ಪಿಸುವವನೂ ತಾನೇ. ಇದನ್ನೆಲ್ಲ ಮಗಳಿಗೆ ಹೇಳಿ, ಅದಕ್ಕೇ ನಿಂತ್ಕೋ ಅನ್ನಬೇಕೋ, ಅದಕ್ಕೇ ಹೊಡಿ ಅನ್ನಬೇಕೋ ಅವನಿಗೆ ಬಗೆಹರಿಯಲಿಲ್ಲ.

ಮತ್ತೆ ಸ್ಟೂಲು. ಕೋಚ್ ಬೆರಳೆತ್ತಿ, “ಇನ್ನೊಂದೇ ರೌಂಡು. ಕ್ಯಾಂಪು ನಿನ್ ಕೈಯಲ್ಲಿದೆ. ಏನೂ ಮಾಡ್ಬೇಡ. ದಯವಿಟ್ಟು ಏನೂ ಮಾಡ್ಬೇಡ” ಅಂದ. ಅಕ್ಷತಳ ಮುಖದಲ್ಲಿ ಒಂದೂ ಗಾಯವಿರಲಿಲ್ಲ. ಕಣ್ಣಲ್ಲಿ ನೀರಿತ್ತು. “ಅಪ್ಪ, ಅವ್ಳು ನನ್ನ ಆಟ ಆಡಿಸ್ತವ್ಳೆ. ನೀನ್ ಹೇಳು. ಹೊಡೀಲಾ?” ಈ ಸಲ ಎದುರಿಗೆ ಹಾಲಿನ ವ್ಯಾನು ಬರಲಿಲ್ಲ. ಮೂರ್ತಿಯ ಬಾಯಿ ತೆರೆಯಿತು. “ನಿನ್ನಿಷ್ಟ” ಅಂದ. ಆ ಮಾತು ಅವರ ಮನೆಯಲ್ಲಿ ಸಿಟ್ಟು ಬಂದಾಗ, ಬೇಡವೆನ್ನಲಾರದೆ ಕೈ ತೊಳೆದುಕೊಳ್ಳುವಾಗ ಆಡುವ ಮಾತು. ಅವನು ಆ ಅರ್ಥದಲ್ಲಿ ಹೇಳಲಿಲ್ಲ. ಅಥವಾ ಹಾಗೆಯೇ ಹೇಳಿದನೋ. ಅಕ್ಷತ ಅವನ ಮುಖವನ್ನೇ ನೋಡಿದಳು, ಅದರಲ್ಲಿ ಇನ್ನೂ ಏನಾದರೂ ಬರೆದಿದೆಯೇ ಎಂಬಂತೆ. ಗಂಟೆಯಾಯಿತು. ಅವನ ಅಂಗೈಯಿಂದ ಗಾರ್ಡನ್ನು ಹಲ್ಲಿನಲ್ಲೇ ಕಚ್ಚಿಕೊಂಡು ಎದ್ದು ಹೋದಳು.

ಮೂರನೆಯ ರೌಂಡು ಮುಗಿಯುತ್ತ ಬಂದಿರಬೇಕು. ಕೋಚ್ “ಲೇ ಲೇ ಲೇ, ಬೇಡ” ಎಂದು ಕೂಗಿದ್ದು ಕೇಳಿತು. ಕಾಲುಗಳ ಸರಪರ ಸದ್ದು ಹಲಗೆಯ ಮೇಲೆ ಒಮ್ಮೆಲೇ ಮುಂದಕ್ಕೆ ನುಗ್ಗಿತು. ಆಮೇಲೆ ಒಂದು ಏಟಿನ ಸದ್ದು, ಇಷ್ಟು ಹೊತ್ತು ಕೇಳಿದ ಯಾವುದರಂತೆಯೂ ಇಲ್ಲದ್ದು. ಇಡೀ ಮಂಟಪ ‘ಹೋ’ ಎಂದಿತು. ಕುರ್ಚಿಗಳು ಹಿಂದಕ್ಕೆ ಬಿದ್ದವು. ಮತ್ತೆ ಏಟಿನ ಸದ್ದುಗಳು, ಒಂದರ ಬೆನ್ನಿಗೆ ಒಂದು. ಮತ್ತೆ ನೋಡಿದರೆ ರಿಂಗಿನ ನಡುವೆ ನೀಲಿ ಬಟ್ಟೆಯ ಮೇಲೆ ಬಿಳಿ ಟವೆಲ್ಲು ಬಿದ್ದಿತ್ತು. ರೆಫರಿ ಎರಡೂ ಕೈ ಎತ್ತಿ ಅಡ್ಡ ಬಂದಿದ್ದ. ಎಲ್ಲರೂ ಟವೆಲ್ಲನ್ನು ನೋಡುತ್ತಿದ್ದರು, ಆಮೇಲೆ ಮೂರ್ತಿಯ ಖಾಲಿ ಹೆಗಲನ್ನು.

ಗರಡಿಯಲ್ಲಿ ಹೀಗೇ ಮಾಡುತ್ತಿದ್ದರು. ಊರ ಹುಡುಗ ಚೆನ್ನಾಗಿ ಪಟ್ಟು ಹಾಕಿದರೆ ಸುತ್ತ ಕೂತ ಹಿರಿಯರು ಹೆಗಲ ಟವೆಲ್ ಕಿತ್ತು ಅಖಾಡದ ಮಣ್ಣಿಗೆ ತೂರುತ್ತಿದ್ದರು. ಗೆದ್ದವನು ಒಂದೊಂದನ್ನೇ ಆಯ್ದು, ಕೊಡವಿ, ಯಾರದೆಂದು ಕೇಳಿ ಕೈಗೆ ಕೊಡಬೇಕು. ಅವರು ಬೆನ್ನು ತಟ್ಟಬೇಕು. ತೂರದೆ ಕೂತವನನ್ನು ಹೊಟ್ಟೆಕಿಚ್ಚಿನವನೆಂದು ಆಡಿಕೊಳ್ಳುತ್ತಿದ್ದರು. ಮೂರ್ತಿಗೆ ತೂರುವ ವಯಸ್ಸು ಬರುವ ಹೊತ್ತಿಗೆ ಗರಡಿ ಮುಚ್ಚಿತ್ತು. ಈಗ ಅವನ ಕೈ ಇದ್ದಕ್ಕಿದ್ದಂತೆ ಅದನ್ನು ನೆನೆಸಿಕೊಂಡಿತೇ? ಅಥವಾ ಮೂರು ರೌಂಡಿನಿಂದ ಟವೆಲ್ಲಿನ ತುದಿ ಹಿಂಡುತ್ತಿದ್ದ ಹೆದರಿಕೆ, ಸಾಕು ಬಿಡಿ ನನ್ನ ಮಗಳನ್ನು ಎಂದಿತೇ? ಅನಿಲ್‌ಕುಮಾರ್ ಅವನ ತೋಳು ಹಿಡಿದು ಅಲ್ಲಾಡಿಸಿದ. “ಏನ್ ಮಾಡ್ಬಿಟ್ರಿ ಮೂರ್ತಣ್ಣ! ಇನ್ನೇನ್ ಮುಗ್ದೇ ಹೋಗಿತ್ತಲ್ಲ! ಕಾಲ್ ಮೇಲೆ ನಿಂತಿದ್ಲಲ್ಲ! ನಿಂತ್ ಸೋತೋಳಿಗೂ ಟವೆಲ್ ಬಿದ್ದೋಳಿಗೂ ವ್ಯತ್ಯಾಸ ಇಲ್ವಾ? ಇನ್ಯಾವ ಮುಖ ಇಟ್ಕೊಂಡು ಕ್ಯಾಂಪ್ ಕೇಳ್ಲಿ ನಾನು?” ಮೂರ್ತಿ ತಲೆಯಾಡಿಸಿದ. ಮೈಕಿನಲ್ಲಿ ಕೀರ್ತನಳ ಹೆಸರು ಕೂಗಿದರು. ಒಬ್ಬ ಮುದುಕ ಬಂದು, “ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪಾ, ಹೆಣ್ಮಗು ಉಳೀತು” ಅಂದ. ಅದಕ್ಕೂ ತಲೆಯಾಡಿಸಿದ. ಹಿಂದೆ ಕುಂಟೆಬಿಲ್ಲೆ ಅಂದ ಹುಡುಗನೇ ಇರಬೇಕು, “ಅಣ್ಣ, ಆ ಪಂಚು ಮಾತ್ರ ಬೆಂಕಿ. ಯಾಕಣ್ಣ ನಿಲ್ಲಿಸ್ಬಿಟ್ಟೆ?” ಎಂದ. ಅದಕ್ಕೂ.

ಊಟದ ಹಾಲಿನಲ್ಲಿ ಆಟಗಾರರಿಗೆ ಎಲೆ ಹಾಕಿದ್ದರು. ತೂಕಕ್ಕೆಂದು ನಿನ್ನೆಯಿಂದ ಅರೆಹೊಟ್ಟೆಯಲ್ಲಿದ್ದ ಅಕ್ಷತ ಕೈಯ ಬ್ಯಾಂಡೇಜನ್ನೂ ಪೂರ್ತಿ ಬಿಚ್ಚದೆ ಅನ್ನ ಸಾರು ಕಲೆಸಿ ಉಣ್ಣುತ್ತಿದ್ದಳು. ಎಡಗಣ್ಣು ಊದಿಕೊಂಡು ಮುಚ್ಚುತ್ತ ಬಂದಿತ್ತು. ಕೀರ್ತನ ಅವಳ ಹಿಂದೆ ನಿಂತು ತಲೆ ಸವರಿ, “ದವಡೆ ಇನ್ನೂ ನೋಯ್ತಾ ಇದೆ ಕಣೇ” ಎಂದು ನಕ್ಕು, ಎದುರಿಗಿದ್ದ ಮೂರ್ತಿಯನ್ನು ನೋಡಿ ನೀರು ಕೊಟ್ಟ ಅಂಕಲ್ ಎಂದು ಗುರುತು ಹಿಡಿದು ಗಲಿಬಿಲಿಯಾಗಿ ಹೋದಳು. ಮೂರ್ತಿ ತನ್ನ ಎಲೆಯ ಉಪ್ಪನ್ನು ನೋಡುತ್ತಿದ್ದ.

“ಅಪ್ಪ” ಎಂದಳು ಅಕ್ಷತ. “ಖುಷಿಗೆ ಎಸೆದ್ಯಾ, ಹೆದರ್ಕಂಡು ಎಸೆದ್ಯಾ?”

ಖುಷಿಗೆ ಎಂದರೆ ಅವಳು ಕ್ಷಮಿಸಬಹುದು. ಪೆದ್ದ ಅಪ್ಪ, ಗರಡಿಯ ಕಾಲದವನು ಎಂದು ನಗಲೂಬಹುದು; ಅವಳ ತಾತನ ಹೆಸರೂ ಸೇರಿಸಿ ಹೇಳಿದರೆ ಇನ್ನೂ ಒಳ್ಳೆಯದು. ಮಾತು ನಾಲಿಗೆಯ ತುದಿಗೆ ಬಂದಿತ್ತು. “ಗೊತ್ತಿಲ್ಲ ಕಣವ್ವ” ಅಂದ.

“ನಾನ್ ಹೊಡ್ದಿದ್ ನೋಡಿದ್ಯಾ?”

“ನೋಡ್ದೆ.”

ಅಕ್ಷತ ತುತ್ತನ್ನು ಎಲೆಯಲ್ಲೇ ಬಿಟ್ಟಳು. “ಸುಳ್ಳು ಹೇಳ್ಬೇಡ. ಹೊಡ್ದ ತಕ್ಷಣ ನಾನು ನಿನ್ ಕಡೆ ತಿರುಗ್ದೆ. ನೋಡಿದ್ಯಾ ಅಂತ. ನೀನು ಕಣ್ ಮುಚ್ಕೊಂಡಿದ್ದೆ.” ಊದಿದ ಕಣ್ಣನ್ನು ಬೆರಳಿನಿಂದ ಮುಟ್ಟಿಕೊಂಡಳು. “ಹಂಗೆ ತಿರುಗಿದ್ದಕ್ಕೇ ಇದು ಬಿದ್ದಿದ್ದು.”

ಸಾರು ಬಡಿಸುವವನು ಬಂದು ಇಬ್ಬರ ನಡುವೆ ಸೌಟು ಹಿಡಿದು ನಿಂತ. ಇಬ್ಬರ ಎಲೆಯನ್ನೂ ನೋಡಿ ಮುಂದಕ್ಕೆ ಹೋದ. ಮೂರ್ತಿಗೆ ಈಗ ತಿಳಿಯಿತು, ಎಷ್ಟು ತಡಕಿದರೂ ಆ ಗಳಿಗೆಯಿಂದ ಸದ್ದುಗಳಷ್ಟೇ ಏಕೆ ಸಿಗುತ್ತಿವೆ ಎಂದು. ಯಾರು ಯಾರಿಗೆ ಹೊಡೆದರೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಂಟಪ ‘ಹೋ’ ಎಂದಾಗ ಅದು ಮಗಳು ಗೆದ್ದದ್ದಕ್ಕೋ ಬಿದ್ದದ್ದಕ್ಕೋ ಎಂದು ತಿಳಿಯದೆಯೇ ಕೈ ಟವೆಲ್ ಎಸೆದಿತ್ತು.

“ಮುಂದಿನ್ ಸಲ ನೀನ್ ಬರ್ಬೇಡ” ಅಂದಳು ಅಕ್ಷತ. ಸಿಟ್ಟಿರಲಿಲ್ಲ. ಮಳೆ ಬರುವ ಹಾಗಿಲ್ಲ, ಕೊಡೆ ಬೇಡ ಎಂದಷ್ಟೇ ಸಾದಾ ಆಗಿ ಹೇಳಿದಳು.

ಆಯ್ತು ಎನ್ನಲು ಅವನ ತಲೆ ಆಡತೊಡಗಿತ್ತು. ಅದನ್ನು ನಿಲ್ಲಿಸುವುದು ಅವನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. “ಬರ್ತೀನಿ” ಅಂದ. ದನಿ ಅಳತೆ ಮೀರಿ ಬಂತು. ಪಕ್ಕದ ಪಂಕ್ತಿಯವರು ತಿರುಗಿ ನೋಡಿದರು.

“ಬಂದು?”

ಬಂದು ಏನು ಮಾಡುತ್ತಾನೋ ಅವನಿಗೆ ತಿಳಿಯದು. ಹೊಡಿ ಅನ್ನುತ್ತಾನೋ, ನಿಂತ್ಕೋ ಅನ್ನುತ್ತಾನೋ, ಅದು ಇನ್ನೂ ಬಗೆಹರಿದಿರಲಿಲ್ಲ. ಬಗೆಹರಿಯುವ ಹಾಗೂ ಕಾಣಲಿಲ್ಲ. ಎಲೆಯಿಂದ ತಲೆ ಎತ್ತಿ ಮಗಳ ಮುಖ ನೋಡಿದ. ಊದಿದ ಕಣ್ಣಿನ ಸುತ್ತ ಚರ್ಮ ನೀಲಿಯಾಗಿ ಬಿಗಿದಿತ್ತು, ರೆಪ್ಪೆಯ ನಡುವೆ ಒಂದು ಗೆರೆಯಷ್ಟು ಬಿಳಿ ಉಳಿದು ಅಲ್ಲಿಂದ ನೀರು ಜಿನುಗುತ್ತಿತ್ತು. ದೃಷ್ಟಿ ಕೆಳಗಿಳಿಯಲು ನೋಡಿತು. ಬಿಡಲಿಲ್ಲ. ರೆಪ್ಪೆ ಬಡಿಯದೆ ನೋಡಿದ, ತನ್ನ ಕಣ್ಣೂ ಉರಿದು ನೀರು ಬರುವವರೆಗೆ.

“ಸಾಕು, ನೋಡಿದ್ದು” ಅಂದಳು ಅಕ್ಷತ. “ಉಣ್ಣಪ್ಪ, ಅನ್ನ ಆರೋಗ್ತದೆ.”